ಗುದ್ದಲಿ ಅವರದು, ನಷ್ಟ ಅಂಗಡಿಯವರದು!

ರಸ್ತೆ ಅಗಲೀಕರಣ ಒಂದು ಇಲಾಖೆಯದು, ಕುಡಿಯುವ ನೀರಿನ ಪೈಪು ಇನ್ನೊಂದರದು, ಒಳಚರಂಡಿ ಮತ್ತೊಂದರದು. ಆದರೆ ಮೂವರೂ ಅಗೆಯುವುದು ಒಂದೇ ರಸ್ತೆಯ ಒಂದೇ ಅಂಚನ್ನು. ಇಂಟರ್‌ನೆಟ್ಟಿನ ಕೇಬಲ್ಲೂ ಅಲ್ಲೇ ಮಲಗಿದೆ. ಜೆಸಿಬಿಯ ಹಲ್ಲು ಒಮ್ಮೆ ತಾಗಿತೋ, ಊರಿನ ವ್ಯಾಪಾರ ಗಪ್‌ಚುಪ್!

ಹಿಂದೆ ಟೆಲಿಫೋನ್ ಕೇಬಲ್ ತುಂಡಾದರೆ ಫೋನಿದ್ದ ನಾಲ್ಕು ಮನೆಯವರು ಗೊಣಗುತ್ತಿದ್ದರು, ಅಷ್ಟೆ. 2016ರಲ್ಲಿ ಯುಪಿಐ ಬಂದ ಮೇಲೆ ಕಥೆಯೇ ಬೇರೆ. ಈಗ ಹತ್ತು ರೂಪಾಯಿ ಕೊತ್ತಂಬರಿ ಸೊಪ್ಪಿಗೂ ಸ್ಕ್ಯಾನ್. ಕೇಬಲ್ ಹೋದ ಗಳಿಗೆಯಿಂದ "ನೆಟ್ ಇಲ್ಲ ಸಾರ್, ಕ್ಯಾಷ್ ಇದ್ರೆ ಕೊಡಿ" ಎಂದು ಅಂಗಡಿಯವರು, "ಕ್ಯಾಷ್ ಇಟ್ಕೊಂಡು ಯಾರ್ರೀ ಓಡಾಡ್ತಾರೆ?" ಎಂದು ಗಿರಾಕಿ. ಗುರುತಿನವನಾದರೆ ಉದ್ರಿ ಪುಸ್ತಕ ಮತ್ತೆ ಹೊರಬರುತ್ತದೆ. ಗುರುತಿಲ್ಲದವನು ಕಟ್ಟಿಸಿದ ಸಾಮಾನು ಅಲ್ಲೇ ಬಿಟ್ಟು ಬಸ್ಸು ಹತ್ತುತ್ತಾನೆ.

ನೆಲದಲ್ಲಿ ಕೇಬಲ್ ತುಂಡಾದರೆ ಮೊಬೈಲಿಗೇನು ರೋಗ ಎಂದು ಕೇಳುವವರಿದ್ದಾರೆ. ಮೊಬೈಲಿನಿಂದ ಟವರಿನವರೆಗೆ ಮಾತ್ರ ಗಾಳಿಯ ದಾರಿ. ಅಲ್ಲಿಂದಾಚೆ ಅನೇಕ ಟವರುಗಳಿಗೆ ನೆಲದೊಳಗಿನ ಕೇಬಲ್ಲೇ ಗತಿ. ಬದಲಿ ದಾರಿ ಇದ್ದರೆ ಸರಿ. ಇಲ್ಲದಿದ್ದರೆ ಟವರು ನಿಂತೇ ಇರುತ್ತದೆ, ನೆಟ್ ಮಾತ್ರ ಇರುವುದಿಲ್ಲ.

"ಬರೀ ಒಂದು ವೈರು, ಸುತ್ತಿ ಟೇಪು ಹಾಕ್ಬಾರ್ದಾ?" ಎಂದು ರೇಗುವವರು ಕೆಲಸಗಾರರನ್ನು ಒಮ್ಮೆ ಗಮನಿಸಬೇಕು. ಒಳಗಿರುವುದು ತಾಮ್ರವಲ್ಲ, ಗಾಜಿನ ಎಳೆ. ದಪ್ಪ ಮಿಲಿಮೀಟರಿನ ಎಂಟನೇ ಒಂದು ಭಾಗ. ಅದರ ನಡುವಿನ, ಕೂದಲಿಗಿಂತಲೂ ತೆಳುವಾದ ತಿರುಳಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಓಟಿಡಿಆರ್ ಎಂಬ ಯಂತ್ರ ಒಂದು ತುದಿಯಿಂದ ಬೆಳಕು ಬಿಟ್ಟು, ಅದು ಮರಳಿ ಬರುವ ಹೊತ್ತು ಅಳೆದು, ಕೇಬಲ್ ಎಷ್ಟು ದೂರದಲ್ಲಿ ತುಂಡಾಗಿದೆ ಎಂದು ಹೇಳುತ್ತದೆ. ಆದರೆ ಕೇಬಲ್ಲನ್ನು ಅಲ್ಲಲ್ಲಿ ಸುರುಳಿ ಸುತ್ತಿ ಇಟ್ಟಿರುವುದರಿಂದ ಯಂತ್ರದ ಲೆಕ್ಕಕ್ಕೂ ರಸ್ತೆಯ ಲೆಕ್ಕಕ್ಕೂ ತಾಳೆಯಾಗದು. ಕೊನೆಗೆ ಹುಡುಕಬೇಕಾದವರು ಮನುಷ್ಯರೇ.

ಜಾಗ ಸಿಕ್ಕಿದ ಮೇಲೆ ಎಳೆಯ ಮೇಲಿನ ಸಿಪ್ಪೆ ತೆಗೆದು, ಒರೆಸಿ, ತುದಿಯನ್ನು ನೇರವಾಗಿ ಕತ್ತರಿಸಿ, ವಿದ್ಯುತ್ ಕಿಡಿಯಿಂದ ಕರಗಿಸಿ ಬೆಸೆಯಬೇಕು. ನಡುವೆ ಹೊಸ ತುಂಡು ಸೇರಿಸಬೇಕಾದರೆ ಎರಡು ಕಡೆ ಬೆಸುಗೆ. ಕೇಬಲ್ಲಿನಲ್ಲಿ 24 ಎಳೆಗಳಿದ್ದರೆ 48 ಬೆಸುಗೆ! ಒಂದು ಕಣ ಧೂಳು ಕೂತರೂ ಆ ಬೆಸುಗೆ ಕೆಟ್ಟಂತೆ. ಮಳೆ ಬಂದರೆ ಗುಂಡಿಯ ನೀರು ಎತ್ತಿ, ಮೇಲೆ ಕೊಡೆ ಹಿಡಿದು ಕೂರಬೇಕು. ಗಂಟೆಗಟ್ಟಲೆ ತಡವಾಗುವುದು ಇದಕ್ಕೇ.

ಗುದ್ದಲಿಯ ಪ್ರತಾಪಕ್ಕೆ ಗಡಿಯಿಲ್ಲ. 2011ರಲ್ಲಿ ಜಾರ್ಜಿಯಾ ದೇಶದಲ್ಲಿ ತಾಮ್ರಕ್ಕಾಗಿ ನೆಲ ಅಗೆಯುತ್ತಿದ್ದ 75ರ ಅಜ್ಜಿಯೊಬ್ಬಳು ಕೇಬಲ್ ಕತ್ತರಿಸಿ, ಪಕ್ಕದ ಆರ್ಮೇನಿಯಾ ದೇಶವೇ ಗಂಟೆಗಟ್ಟಲೆ ನೆಟ್ ಇಲ್ಲದೆ ಕೂತಿತ್ತು. ಆಕೆಗಾದರೋ ಕೆಳಗೇನಿದೆ ಎಂದು ಗೊತ್ತಿರಲಿಲ್ಲ. ನಮ್ಮ ಗುತ್ತಿಗೆದಾರರಿಗೆ ಆ ನೆಪವಿಲ್ಲ. 2023ರ ಮಾರ್ಚ್ 22ರಂದು ಪ್ರಧಾನಿ ನರೇಂದ್ರ ಮೋದಿ 'ಕಾಲ್ ಬಿಫೋರ್ ಯು ಡಿಗ್' ಎಂಬ ಆ್ಯಪ್ ಬಿಡುಗಡೆ ಮಾಡಿದರು. ಅಗೆಯುವ ಮುನ್ನ ಅದರಲ್ಲಿ ತಿಳಿಸಿದರೆ ಕೇಬಲ್ಲಿನವರಿಗೆ ಸುದ್ದಿ ಮುಟ್ಟುತ್ತದೆ. ಹೀಗೆ ಹೇಳದೆ ಕೇಳದೆ ಅಗೆಯುವುದರಿಂದ ದೇಶಕ್ಕೆ ವರ್ಷಕ್ಕೆ ಸುಮಾರು 3,000 ಕೋಟಿ ರೂಪಾಯಿ ನಷ್ಟ ಎಂದು ಕೇಂದ್ರ ಸರ್ಕಾರವೇ ಆಗ ಹೇಳಿತ್ತು.

ನೆಟ್ ಹೋದರೂ ಫೋನ್ ಕರೆ ಹೋಗುತ್ತಿದ್ದರೆ *99# ಒತ್ತಿ, ಬ್ಯಾಂಕಿಗೆ ಜೋಡಿಸಿದ ನಂಬರಿನಿಂದ 5,000 ರೂಪಾಯಿವರೆಗೆ ಕಳಿಸಬಹುದು. ವ್ಯಾಪಾರಸ್ಥರು ಇದನ್ನು ಗೋಡೆಗೆ ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಟವರೇ ಸತ್ತರೆ ಅದೂ ಇಲ್ಲ. ಆಗ ಗಲ್ಲದ ಚಿಲ್ಲರೆಯೇ ದೇವರು.

ಕೇಬಲ್ಲನ್ನೇನೋ ಬೆಸೆಯಬಹುದು, ಹೋದ ಗಿರಾಕಿಯನ್ನು ಬೆಸೆಯುವ ಯಂತ್ರ ಎಲ್ಲಿದೆ? ಗುದ್ದಲಿ ಪೂಜೆಗೆ ತೆಂಗಿನಕಾಯಿ ತರಿಸಲು ಮರೆಯದ ಮಹನೀಯರು, ಅದಕ್ಕೂ ಮೊದಲು ಆ್ಯಪಿನಲ್ಲಿ ಒಂದು ಮಾತು ತಿಳಿಸಲಿ. ಖರ್ಚು ತೆಂಗಿನಕಾಯಿಗಿಂತ ಕಡಿಮೆ!