ಸ್ಕೂಲಿಗೆ ಹೊರಡುವಾಗಲೇ ಹೊಟ್ಟೆನೋವು ಯಾಕೆ?

ಬೆಳಗ್ಗೆ ಬ್ಯಾಗ್ ಹೆಗಲಿಗೆ ಹಾಕೋ ಹೊತ್ತಿಗೇ
ನಿಮ್ಮ ಮಗುವಿಗೆ ದಿನಾ ಹೊಟ್ಟೆನೋವಾ?
ಭಾನುವಾರ ಮಾತ್ರ ಬರಲ್ವಾ?

ಮಾತ್ರೆ ಕೊಡೋ ಮುಂಚೆ ಹತ್ರ ಕೂರಿಸ್ಕೊಂಡು ಕೇಳಿ.
"ಕ್ಲಾಸಲ್ಲಿ ಯಾರ ಪಕ್ಕ ಕೂತ್ಕೋತೀಯ ಪುಟ್ಟಾ?
ಬಿಸಿಯೂಟಕ್ಕೆ ಯಾರ ಜೊತೆ?"

ನಮ್ಮ ಜಗಳೂರು ತಾಲ್ಲೂಕಿನ ಬಿಳಿಚೋಡು ಕಡೆ ಈರುಳ್ಳಿ ಬೆಳೆಯೋರಿಗೆ ಒಂದು ವಿಷಯ ಗೊತ್ತು.
ಮೇಲಿನ ಸಿಪ್ಪೆ ಪಳಪಳ ಅಂತಿರುತ್ತೆ.
ಹೆಚ್ಚಿದ್ರೆ ಒಳಗೆ ಕೊಳೆ.
ಅವಮಾನ ನುಂಗ್ಕೊಂಡ ಮಗುನೂ ಹಾಗೇ.

ಮೈಬಣ್ಣ ಹಿಡಿದು ಆಡ್ಕೊಳ್ಳೋದು, ಜಾತಿ ಹಿಡಿದು ಕರೆಯೋದು,
ಆಟಕ್ಕೆ ಸೇರಿಸ್ಕೊಳ್ಳದೇ ಇರೋದು...
"ಮಕ್ಕಳಾಟ ಬಿಡಿ" ಅಂತ ದಯವಿಟ್ಟು ಅನ್ನಬೇಡಿ.

ಕೆಲವು ಸಲ ದೊಡ್ಡೋರ ಮೇಲೇ ದೂರು ಬರುತ್ತೆ.
2023ರ ಡಿಸೆಂಬರ್.
ಕೋಲಾರ ಜಿಲ್ಲೆ ಮಾಲೂರು ತಾಲ್ಲೂಕಿನ
ಯಲವಹಳ್ಳಿ ಮೊರಾರ್ಜಿ ದೇಸಾಯಿ ವಸತಿ ಶಾಲೆ.
ಓದೋಕೆ ಬಂದ ದಲಿತ ಮಕ್ಕಳನ್ನ
ಮಲಗುಂಡಿಗೆ ಇಳಿಸಿ ಕ್ಲೀನ್ ಮಾಡಿಸಿದ ಆರೋಪ.
ವಿಡಿಯೊ ಹೊರಗೆ ಬಂತು.
ಪ್ರಾಂಶುಪಾಲೆ, ಶಿಕ್ಷಕ ಅರೆಸ್ಟ್ ಆದ್ರು.
ವಿಡಿಯೊ ಇಲ್ದೇ ಇದ್ದಿದ್ರೆ?
ಹೊಟ್ಟೆ ಉರಿಯುತ್ತೆ.

ಇದಕ್ಕೆ ಕಾನೂನಿದೆ: 2009ರ ಶಿಕ್ಷಣ ಹಕ್ಕು ಕಾಯ್ದೆ, 17ನೇ ಸೆಕ್ಷನ್.
ಶಾಲೆಯಲ್ಲಿ ಮಗುವಿಗೆ ಹೊಡೆಯೋ ಹಾಗಿಲ್ಲ.
ಮನಸ್ಸಿಗೆ ಹಿಂಸೆ ಕೊಡೋ ಹಾಗೂ ಇಲ್ಲ.

ನಿಮ್ಮ ಮಗುವಿಗೆ ಹೀಗಾಗ್ತಿದ್ರೆ ಮೊದಲು ಹೆಡ್‌ಮಾಸ್ಟರ್‌ಗೆ ಹೇಳಿ.
ಕೇಳಲಿಲ್ವಾ? ಶಾಲಾಭಿವೃದ್ಧಿ ಸಮಿತಿ, ಅಂದ್ರೆ ಎಸ್‌ಡಿಎಂಸಿ.
ಅಲ್ಲೂ ಆಗಲಿಲ್ವಾ? ಜಗಳೂರು ಬಿಇಒ ಆಫೀಸು.
ಬಾಯಲ್ಲಿ ಹೇಳಿ ಬರಬೇಡಿ, ಬರೆದು ಕೊಡಿ.
ಒಂದು ಜೆರಾಕ್ಸ್ ನಿಮ್ಮ ಹತ್ರ ಇರಲಿ.

ಮಕ್ಕಳ ಸಹಾಯವಾಣಿ 1098.
ಹಗಲು ರಾತ್ರಿ, ಫ್ರೀ.
ಮಗು ತಾನೇ ಫೋನ್ ಮಾಡಬಹುದು.
ಇವತ್ತೇ ಬಾಯಿಪಾಠ ಮಾಡಿಸಿ:
ಒಂದು, ಸೊನ್ನೆ, ಒಂಬತ್ತು, ಎಂಟು.