ಬಿಡ್ಡು ಅಪ್ಪಯ್ಯ

ಬಿಡ್ಡು ಅಪ್ಪಯ್ಯ ಅವರು ಕೊಡಗು ಮೂಲದ ಗಾಯಕ, ಗಿಟಾರ್ ವಾದಕ, ಗೀತರಚನಕಾರ, ಸಂಗೀತ ಸಂಯೋಜಕ, ಧ್ವನಿಮುದ್ರಣ ನಿರ್ಮಾಪಕ ಹಾಗೂ ಲೇಖಕರು. ‘ಬಿಡ್ಡು’ ಎಂಬ ಒಂದೇ ಹೆಸರಿನಿಂದ ಪ್ರಸಿದ್ಧರಾಗಿದ್ದಾರೆ. 1960ರ ದಶಕದಲ್ಲಿ ಬೆಂಗಳೂರಿನ ‘ದ ಟ್ರೋಜನ್ಸ್’ ಎಂಬ ವಾದ್ಯತಂಡದಲ್ಲಿ ರಾಕ್ ಮತ್ತು ಪಾಪ್ ಗೀತೆಗಳನ್ನು ಹಾಡುತ್ತಿದ್ದ ಇವರು 1967ರಲ್ಲಿ ಇಂಗ್ಲೆಂಡಿಗೆ ತೆರಳಿದರು. ಅಲ್ಲಿ 1974ರಲ್ಲಿ ಇವರು ನಿರ್ಮಿಸಿದ ‘ಕುಂಗ್ ಫೂ ಫೈಟಿಂಗ್’ ಗೀತೆಯು ಬ್ರಿಟನ್ ಮತ್ತು ಅಮೆರಿಕಗಳೆರಡರಲ್ಲೂ ಜನಪ್ರಿಯ ಗೀತೆಗಳ ಪಟ್ಟಿಯ ಮೊದಲ ಸ್ಥಾನಕ್ಕೇರಿತು. ಭಾರತದಲ್ಲಿ ‘ಕುರ್ಬಾನಿ’ (1980) ಚಲನಚಿತ್ರದ ‘ಆಪ್ ಜೈಸಾ ಕೋಯಿ’, ‘ಡಿಸ್ಕೊ ದೀವಾನೆ’ (1981) ಮತ್ತು ‘ಮೇಡ್ ಇನ್ ಇಂಡಿಯಾ’ (1995) ಧ್ವನಿಮುದ್ರಿಕೆಗಳ ಮೂಲಕ ಇವರು ಪರಿಚಿತರು. ನಂತರದ ವರ್ಷಗಳಲ್ಲಿ ಇವರು ಸಂಗೀತದಿಂದ ಬರವಣಿಗೆಯತ್ತ ಹೊರಳಿ ಆತ್ಮಕಥೆ ಮತ್ತು ಕಾದಂಬರಿಯನ್ನು ಪ್ರಕಟಿಸಿದರು.

ಜನನ ಮತ್ತು ಹಿನ್ನೆಲೆ

ಬಿಡ್ಡು ಅವರು 1945ರ ಫೆಬ್ರವರಿ 8ರಂದು ಬೆಂಗಳೂರಿನಲ್ಲಿ ಕೊಡವ ಕುಟುಂಬವೊಂದರಲ್ಲಿ ಜನಿಸಿದರು. ಕೊಡವರು ಕೊಡಗು ಜಿಲ್ಲೆಯ ಮೂಲನಿವಾಸಿಗಳಾಗಿದ್ದು, ಕೃಷಿ, ಕಾಫಿ ಬೇಸಾಯ ಮತ್ತು ಸೈನಿಕ ಸೇವೆಗೆ ಹೆಸರಾದವರು. ಹುತ್ತರಿ ಹಬ್ಬ ಮತ್ತು ಮದುವೆಗಳಲ್ಲಿ ದುಡಿ ಕೊಟ್ಟಿ ಹಾಡುವ ದೀರ್ಘವಾದ ಹಾಡುಗಬ್ಬಗಳ ಪರಂಪರೆ ಈ ಸಮುದಾಯಕ್ಕಿದೆ. ಆದರೆ ಬಿಡ್ಡು ಅವರ ಸಂಗೀತಾಸಕ್ತಿ ಬೆಳೆದುದು ಬೇರೊಂದು ಮೂಲದಿಂದ. ಬಾಲ್ಯದಲ್ಲಿ ಅವರು ರೇಡಿಯೊ ಸಿಲೋನ್ ಪ್ರಸಾರ ಮಾಡುತ್ತಿದ್ದ ಪಾಶ್ಚಾತ್ಯ ಪಾಪ್ ಗೀತೆಗಳನ್ನು ಕೇಳುತ್ತ ಬೆಳೆದರು. ದ ಬೀಟಲ್ಸ್, ದ ರೋಲಿಂಗ್ ಸ್ಟೋನ್ಸ್, ದ ಶಾಡೋಸ್ ತಂಡಗಳು ಮತ್ತು ಗಾಯಕ ಟ್ರಿನಿ ಲೋಪೆಜ್ ಅವರಿಗೆ ಮೆಚ್ಚಿನವರಾಗಿದ್ದರು. ಹದಿಹರೆಯದಲ್ಲಿಯೇ ಗಿಟಾರ್ ನುಡಿಸುವುದನ್ನು ಕಲಿತರು.

ದ ಟ್ರೋಜನ್ಸ್

ಗೆಳೆಯರೊಂದಿಗೆ ಸೇರಿ ಬಿಡ್ಡು ಅವರು ಕಟ್ಟಿದ ‘ದ ಟ್ರೋಜನ್ಸ್’ ತಂಡವು ಮೊದಲು ಬೆಂಗಳೂರಿನ ಕ್ಲಬ್ಬುಗಳಲ್ಲಿ ಕಾರ್ಯಕ್ರಮ ನೀಡುತ್ತಿತ್ತು. ಬೀಟಲ್ಸ್ ಮುಂತಾದವರ ಗೀತೆಗಳೇ ಇವರ ಕಾರ್ಯಕ್ರಮಗಳ ಮುಖ್ಯ ಭಾಗವಾಗಿದ್ದವು. ಭಾರತದಲ್ಲಿ ಇಂಗ್ಲಿಷ್ ಪಾಪ್ ಗೀತೆಗಳನ್ನು ಹಾಡುತ್ತಿದ್ದ ಆರಂಭಿಕ ತಂಡಗಳಲ್ಲಿ ಇದನ್ನು ಎಣಿಸಲಾಗುತ್ತದೆ.

ಆ ಕಾಲದಲ್ಲಿ ಇಂತಹ ಗಾಯಕರಿಗೆ ನಿಯಮಿತ ಸಂಪಾದನೆ ದೊರೆಯುತ್ತಿದ್ದುದು ದೊಡ್ಡ ನಗರಗಳ ಹೋಟೆಲು ಹಾಗೂ ರೆಸ್ಟೊರೆಂಟುಗಳಲ್ಲಿ. ಟ್ರೋಜನ್ಸ್ ತಂಡವು ಕಲಕತ್ತೆಯ ಪಾರ್ಕ್ ಸ್ಟ್ರೀಟ್‌ನಲ್ಲಿರುವ ‘ಟ್ರಿಂಕಾಸ್’ ರೆಸ್ಟೊರೆಂಟಿನಲ್ಲಿ ಹಾಡಿತು. ಮುಂದೆ ಗಾಯಕಿ ಉಷಾ ಉತ್ತುಪ್ ಹೆಸರು ಮಾಡಿದುದೂ ಇದೇ ವೇದಿಕೆಯಲ್ಲಿ. ತಂಡವು ಚದುರಿದ ಬಳಿಕ ಬಿಡ್ಡು ಅವರು ‘ಲೋನ್ ಟ್ರೋಜನ್’ ಅಂದರೆ ‘ಒಂಟಿ ಟ್ರೋಜನ್’ ಎಂಬ ಹೆಸರಿನಲ್ಲಿ ಗಿಟಾರ್ ಹಿಡಿದು ಒಬ್ಬರೇ ಹಾಡತೊಡಗಿದರು. ಮುಂಬಯಿಯಲ್ಲಿಯೂ ಅವರ ಕಾರ್ಯಕ್ರಮಗಳು ನಡೆದವು.

ಭಾರತದಲ್ಲಿ ಇಂಗ್ಲಿಷ್ ಪಾಪ್ ಗಾಯಕನಿಗಿದ್ದ ಅವಕಾಶ ಬಹಳ ಕಿರಿದಾಗಿತ್ತು. ಧ್ವನಿಮುದ್ರಿಕೆಗಳ ಮಾರುಕಟ್ಟೆಯನ್ನು ಚಲನಚಿತ್ರ ಸಂಗೀತವೇ ಆಳುತ್ತಿತ್ತು. ಇತರರ ಗೀತೆಗಳನ್ನು ಕ್ಲಬ್ಬುಗಳಲ್ಲಿ ಹಾಡುವುದರಾಚೆಗೆ ಸ್ವಂತ ರಚನೆಗಳನ್ನು ಮುದ್ರಿಸಿ ಕೇಳುಗರನ್ನು ತಲುಪುವ ದಾರಿ ಸುಲಭವಾಗಿರಲಿಲ್ಲ. ಈ ಹಿನ್ನೆಲೆಯಲ್ಲಿ ಬಿಡ್ಡು ಅವರು ದೇಶ ಬಿಟ್ಟು ಹೋಗಲು ನಿರ್ಧರಿಸಿದರು.

ಲಂಡನ್‌ನಲ್ಲಿ ಆರಂಭಿಕ ವರ್ಷಗಳು

ಬಿಡ್ಡು ಅವರು ಮಧ್ಯಪ್ರಾಚ್ಯದ ಮಾರ್ಗವಾಗಿ ಪ್ರಯಾಣ ಮಾಡಿ 1967ರಲ್ಲಿ ಇಂಗ್ಲೆಂಡ್ ತಲುಪಿದರು. ಅಲ್ಲಿನ ಸಂಗೀತೋದ್ಯಮದಲ್ಲಿ ಅವರಿಗೆ ಪರಿಚಿತರಾರೂ ಇರಲಿಲ್ಲ. ಸಣ್ಣಪುಟ್ಟ ಕೆಲಸಗಳನ್ನು ಮಾಡಿ ಗಳಿಸಿದ ಹಣದಲ್ಲಿ ಉಳಿತಾಯ ಮಾಡಿ ಸ್ಟುಡಿಯೊಗಳನ್ನು ಬಾಡಿಗೆಗೆ ಪಡೆದು ಗೀತೆಗಳನ್ನು ಮುದ್ರಿಸಿದರು. ಅವರ ಸ್ವಂತ ದನಿಯ ‘ಡಾಟರ್ ಆಫ್ ಲವ್’ ಎಂಬ ಧ್ವನಿಮುದ್ರಿಕೆ ಹೊರಬಂದರೂ ಅದು ಅವರನ್ನು ಪ್ರಸಿದ್ಧ ಗಾಯಕರನ್ನಾಗಿಸಲಿಲ್ಲ.

ಗಾಯಕನಾಗಿ ದೊರೆಯದ ಮನ್ನಣೆ ನಿರ್ಮಾಪಕನಾಗಿ ದೊರೆಯತೊಡಗಿತು. 1969ರಲ್ಲಿ ಜಪಾನಿನ ‘ದ ಟೈಗರ್ಸ್’ ತಂಡಕ್ಕಾಗಿ ಇವರು ನಿರ್ಮಿಸಿದ ‘ಸ್ಮೈಲ್ ಫಾರ್ ಮಿ’ ಗೀತೆಯು ಜಪಾನಿನಲ್ಲಿ ಜನಪ್ರಿಯವಾಯಿತು. ಇದನ್ನು ರಚಿಸಿದವರು ಬೀ ಜೀಸ್ ತಂಡದ ಬ್ಯಾರಿ ಗಿಬ್ ಮತ್ತು ಮಾರಿಸ್ ಗಿಬ್. 1972ರಲ್ಲಿ ‘ಎಂಬಸಿ’ ಎಂಬ ಚಲನಚಿತ್ರಕ್ಕೆ ಬಿಡ್ಡು ಸಂಗೀತ ಒದಗಿಸಿದರು. ಅದರ ಗೀತೆಯನ್ನು ಹಾಡಿದವರು ಜಮೈಕಾ ಮೂಲದ ಗಾಯಕ ಕಾರ್ಲ್ ಡಗ್ಲಸ್. ಎರಡು ವರ್ಷಗಳ ನಂತರ ಇದೇ ಪರಿಚಯವು ಇಬ್ಬರ ವೃತ್ತಿಜೀವನಕ್ಕೂ ತಿರುವು ನೀಡಿತು.

ಕುಂಗ್ ಫೂ ಫೈಟಿಂಗ್

1974ರಲ್ಲಿ ಬಿಡ್ಡು ಅವರು ಕಾರ್ಲ್ ಡಗ್ಲಸ್ ಅವರ ದನಿಯಲ್ಲಿ ‘ಐ ವಾಂಟ್ ಟು ಗಿವ್ ಯು ಮೈ ಎವೆರಿಥಿಂಗ್’ ಎಂಬ ಗೀತೆಯನ್ನು ಮುದ್ರಿಸುತ್ತಿದ್ದರು. ಆ ಕಾಲದ ಸಣ್ಣ ಗ್ರಾಮಫೋನ್ ತಟ್ಟೆಗಳಲ್ಲಿ ಎರಡು ಬದಿಗಳಿರುತ್ತಿದ್ದವು. ಮುಖ್ಯ ಗೀತೆ ಒಂದು ಬದಿಯಲ್ಲಿದ್ದರೆ, ಹೆಚ್ಚು ಗಮನ ಕೊಡದ ಗೀತೆಯೊಂದನ್ನು ಹಿಂಬದಿಗೆ ಹಾಕುವುದು ರೂಢಿ. ಸ್ಟುಡಿಯೊ ಬಾಡಿಗೆ ಪಡೆದಿದ್ದ ಮೂರು ಗಂಟೆಗಳಲ್ಲಿ ಬಹುಪಾಲು ಸಮಯ ಮುಖ್ಯ ಗೀತೆಗೇ ಮುಗಿದಿತ್ತು. ಹಿಂಬದಿಗಾಗಿ ಡಗ್ಲಸ್ ತಾವೇ ಬರೆದಿದ್ದ ‘ಕುಂಗ್ ಫೂ ಫೈಟಿಂಗ್’ ಅನ್ನು ಕೊನೆಯ ಹತ್ತು ನಿಮಿಷಗಳಲ್ಲಿ ಮುದ್ರಿಸಲಾಯಿತು.

ಪೈ ರೆಕಾರ್ಡ್ಸ್ ಸಂಸ್ಥೆಯವರು ಎರಡೂ ಗೀತೆಗಳನ್ನು ಕೇಳಿ ಹಿಂಬದಿಯ ಗೀತೆಯನ್ನೇ ಮುಖ್ಯ ಗೀತೆಯನ್ನಾಗಿ ಬಿಡುಗಡೆ ಮಾಡಿದರು. ಅದು 1974ರ ಸೆಪ್ಟೆಂಬರ್‌ನಲ್ಲಿ ಬ್ರಿಟನ್ನಿನ ಪಟ್ಟಿಯಲ್ಲಿ ಮೊದಲ ಸ್ಥಾನ ಪಡೆದು ಮೂರು ವಾರ ಅಲ್ಲಿಯೇ ಉಳಿಯಿತು. ಡಿಸೆಂಬರ್‌ನಲ್ಲಿ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿಯೂ ಮೊದಲ ಸ್ಥಾನಕ್ಕೇರಿತು. ಇದರ ಒಂದು ಕೋಟಿಗೂ ಹೆಚ್ಚು ಪ್ರತಿಗಳು ಮಾರಾಟವಾದವೆಂದು ಹೇಳಲಾಗುತ್ತದೆ. ನಟ ಬ್ರೂಸ್ ಲೀ 1973ರಲ್ಲಿ ನಿಧನರಾಗಿದ್ದು, ಅದೇ ವರ್ಷ ಅವರ ‘ಎಂಟರ್ ದ ಡ್ರ್ಯಾಗನ್’ ತೆರೆಕಂಡಿತ್ತು. ಪಾಶ್ಚಾತ್ಯ ದೇಶಗಳಲ್ಲಿ ಕುಂಗ್ ಫೂ ಬಗೆಗಿದ್ದ ಕುತೂಹಲವು ಗೀತೆಯ ಯಶಸ್ಸಿಗೆ ನೆರವಾಯಿತು.

ಡಿಸ್ಕೊ ಶೈಲಿ ಮತ್ತು ನಿರ್ಮಾಪಕನ ಪಾತ್ರ

1974ರ ಹೊತ್ತಿಗೆ ಡಿಸ್ಕೊ ಸಂಗೀತವು ರೂಪುಗೊಳ್ಳುತ್ತಿತ್ತು. ನಾಲ್ಕು ಮಾತ್ರೆಗಳ ಪ್ರತಿ ಮಾತ್ರೆಗೂ ಬೀಳುವ ದೊಡ್ಡ ಡ್ರಮ್ಮಿನ ಪೆಟ್ಟು, ಎದ್ದು ಕೇಳಿಸುವ ಬೇಸ್ ಗಿಟಾರ್, ಪಿಟೀಲು ಸಮೂಹದ ನಾದ ಹಾಗೂ ಸುಲಭವಾಗಿ ನೆನಪಿನಲ್ಲಿ ಉಳಿಯುವ ಪಲ್ಲವಿ ಈ ಶೈಲಿಯ ಮುಖ್ಯ ಲಕ್ಷಣಗಳು. ರಾಕ್ ಸಂಗೀತದಲ್ಲಿ ವೇದಿಕೆಯ ಮೇಲಿನ ತಂಡಕ್ಕೆ ಪ್ರಾಧಾನ್ಯವಿದ್ದರೆ, ಡಿಸ್ಕೊ ಗೀತೆಯು ಬಹುಮಟ್ಟಿಗೆ ಸ್ಟುಡಿಯೊದಲ್ಲಿ ರೂಪ ಪಡೆಯುತ್ತದೆ. ಪ್ರತಿಯೊಂದು ವಾದ್ಯವನ್ನೂ ಬೇರೆಬೇರೆಯಾಗಿ ಮುದ್ರಿಸಿ, ಅನಂತರ ಹದವಾಗಿ ಸೇರಿಸಲಾಗುತ್ತದೆ. ಆದ್ದರಿಂದ ಗೀತೆಯ ಆಯ್ಕೆ, ಗಾಯಕರ ಆಯ್ಕೆ, ವಾದ್ಯಸಂಯೋಜನೆ ಮತ್ತು ಅಂತಿಮ ಮಿಶ್ರಣವನ್ನು ನಿರ್ಧರಿಸುವ ನಿರ್ಮಾಪಕನೇ ಇದರಲ್ಲಿ ಮುಖ್ಯನಾಗುತ್ತಾನೆ. ಬಿಡ್ಡು ಅವರ ಪ್ರತಿಭೆಗೆ ಹೊಂದಿದ್ದು ಈ ವಿಧಾನ. ಈ ಅವಧಿಯ ಅವರ ಅನೇಕ ಗೀತೆಗಳಿಗೆ ಗೆರಿ ಶೂರಿ ಅವರು ವಾದ್ಯಸಂಯೋಜನೆ ಮಾಡಿದರು.

1976ರಲ್ಲಿ ಗಾಯಕಿ ಟೀನಾ ಚಾರ್ಲ್ಸ್ ಹಾಡಿದ ‘ಐ ಲವ್ ಟು ಲವ್’ ಗೀತೆಯು ಬಿಡ್ಡು ಅವರ ನಿರ್ಮಾಣದಲ್ಲಿ ಬ್ರಿಟನ್ನಿನ ಪಟ್ಟಿಯಲ್ಲಿ ಮೊದಲ ಸ್ಥಾನ ಪಡೆಯಿತು. ಅದೇ ವರ್ಷ ಜಿಮ್ಮಿ ಜೇಮ್ಸ್ ಹಾಡಿದ ‘ನೌ ಈಸ್ ದ ಟೈಮ್’ ಗೀತೆಯೂ ಯಶಸ್ವಿಯಾಯಿತು. ಟೀನಾ ಚಾರ್ಲ್ಸ್ ಅವರ ತಂಡದಲ್ಲಿ ಬೇಸ್ ಗಿಟಾರ್ ನುಡಿಸುತ್ತಿದ್ದ ಟ್ರೆವರ್ ಹಾರ್ನ್ ಮುಂದೆ ಬ್ರಿಟನ್ನಿನ ಪ್ರಮುಖ ನಿರ್ಮಾಪಕರಲ್ಲಿ ಒಬ್ಬರಾದರು. ಬಿಡ್ಡು ಅವರ ಕೆಲಸವನ್ನು ಹತ್ತಿರದಿಂದ ಕಂಡದ್ದು ಅವರ ಮೇಲೆ ಪ್ರಭಾವ ಬೀರಿತ್ತು.

ತಮ್ಮದೇ ಹೆಸರಿನ ‘ಬಿಡ್ಡು ಆರ್ಕೆಸ್ಟ್ರಾ’ ಮೂಲಕ ಅವರು ಮುಖ್ಯವಾಗಿ ವಾದ್ಯಸಂಗೀತವನ್ನು ಹೊರತಂದರು. ‘ಸಮ್ಮರ್ ಆಫ್ ’42’ (1975) ಮತ್ತು ‘ರೈನ್ ಫಾರೆಸ್ಟ್’ (1976) ಇವುಗಳಲ್ಲಿ ಪ್ರಸಿದ್ಧವಾದವು. ‘ರೈನ್ ಫಾರೆಸ್ಟ್’ ಕೃತಿಗೆ ಬ್ರಿಟನ್ನಿನ ಐವರ್ ನೊವೆಲ್ಲೊ ಪ್ರಶಸ್ತಿ ದೊರೆಯಿತು.

ಹಿಂದಿ ಚಲನಚಿತ್ರ ಮತ್ತು ನಾಜಿಯಾ ಹಸನ್

ಬೆಂಗಳೂರಿನಲ್ಲಿಯೇ ಹುಟ್ಟಿದ ನಟ, ನಿರ್ದೇಶಕ ಫಿರೋಜ್ ಖಾನ್ ತಮ್ಮ ‘ಕುರ್ಬಾನಿ’ ಚಲನಚಿತ್ರಕ್ಕೆ ಒಂದು ಗೀತೆಯನ್ನು ಮಾಡಿಕೊಡುವಂತೆ ಬಿಡ್ಡು ಅವರನ್ನು ಕೇಳಿಕೊಂಡರು. ಚಿತ್ರದ ಉಳಿದ ಗೀತೆಗಳಿಗೆ ಸಂಗೀತ ನೀಡಿದವರು ಕಲ್ಯಾಣ್‌ಜಿ–ಆನಂದ್‌ಜಿ. ಲಂಡನ್‌ನಲ್ಲಿ ಓದುತ್ತಿದ್ದ, ಕರಾಚಿಯಲ್ಲಿ ಜನಿಸಿದ ಹದಿನೈದರ ಆಸುಪಾಸಿನ ನಾಜಿಯಾ ಹಸನ್ ಎಂಬ ಬಾಲಕಿಯಿಂದ ‘ಆಪ್ ಜೈಸಾ ಕೋಯಿ’ ಗೀತೆಯನ್ನು ಹಾಡಿಸಲಾಯಿತು. ವಾದ್ಯಗಳು ಮತ್ತು ದನಿಯನ್ನು 24 ಪ್ರತ್ಯೇಕ ಪಥಗಳಲ್ಲಿ ಮುದ್ರಿಸುವ ವಿಧಾನವನ್ನು ಇದಕ್ಕೆ ಬಳಸಲಾಯಿತು. ಹಿಂದಿ ಚಿತ್ರಗೀತೆಗಳಲ್ಲಿ ಅದುವರೆಗೆ ಕೇಳಿಬರುತ್ತಿದ್ದ ನಾದಕ್ಕಿಂತ ಇದು ಸ್ಪಷ್ಟವಾಗಿ ಭಿನ್ನವಾಗಿತ್ತು. ಈ ಗೀತೆಗಾಗಿ ನಾಜಿಯಾ ಅವರಿಗೆ ಶ್ರೇಷ್ಠ ಹಿನ್ನೆಲೆ ಗಾಯಕಿ ಫಿಲ್ಮ್‌ಫೇರ್ ಪ್ರಶಸ್ತಿ ದೊರೆಯಿತು.

ಇದರ ಬೆನ್ನಿಗೆ ನಾಜಿಯಾ ಮತ್ತು ಅವರ ಸಹೋದರ ಜೊಹೆಬ್ ಹಸನ್ ಹಾಡಿದ ‘ಡಿಸ್ಕೊ ದೀವಾನೆ’ 1981ರಲ್ಲಿ ಬಿಡುಗಡೆಯಾಯಿತು. ಯಾವುದೇ ಚಲನಚಿತ್ರಕ್ಕೆ ಸೇರದ ಈ ಧ್ವನಿಮುದ್ರಿಕೆಯು ಭಾರತ ಮತ್ತು ಪಾಕಿಸ್ತಾನಗಳೆರಡರಲ್ಲೂ ಅಪಾರ ಜನಪ್ರಿಯತೆ ಗಳಿಸಿತು. ಚಲನಚಿತ್ರದ ಆಸರೆಯಿಲ್ಲದೆಯೂ ಹಿಂದಿ ಗೀತೆಗಳು ಮಾರಾಟವಾಗಬಲ್ಲವೆಂಬುದನ್ನು ಇದು ತೋರಿಸಿಕೊಟ್ಟಿತು. ಬಳಿಕ ‘ಸ್ಟಾರ್’ (1982) ಚಲನಚಿತ್ರದ ಗೀತೆಗಳು ಮತ್ತು ‘ಯಂಗ್ ತರಂಗ್’ (1984) ಧ್ವನಿಮುದ್ರಿಕೆ ಇದೇ ಕೂಟದಿಂದ ಬಂದವು. ನಾಜಿಯಾ ಹಸನ್ 2000ನೇ ಇಸವಿಯಲ್ಲಿ, 35ನೇ ವಯಸ್ಸಿನಲ್ಲಿ ಲಂಡನ್‌ನಲ್ಲಿ ನಿಧನರಾದರು.

ಮೇಡ್ ಇನ್ ಇಂಡಿಯಾ

1990ರ ದಶಕದ ಆರ್ಥಿಕ ಉದಾರೀಕರಣ ಮತ್ತು ಉಪಗ್ರಹ ದೂರದರ್ಶನ ವಾಹಿನಿಗಳ ಆಗಮನದಿಂದ ಚಲನಚಿತ್ರೇತರ ಪಾಪ್ ಗೀತೆಗಳಿಗೆ ಹೊಸ ವೇದಿಕೆ ದೊರೆಯಿತು. ‘ಇಂಡಿಪಾಪ್’ ಎಂದು ಕರೆಯಲಾದ ಈ ಪ್ರಕಾರದಲ್ಲಿ ಬಿಡ್ಡು ಅವರು ಶ್ವೇತಾ ಶೆಟ್ಟಿ ಅವರ ‘ಜಾನಿ ಜೋಕರ್’ (1993) ಮತ್ತು ಅಲೀಶಾ ಚಿನಾಯ್ ಅವರ ‘ಮೇಡ್ ಇನ್ ಇಂಡಿಯಾ’ (1995) ಧ್ವನಿಮುದ್ರಿಕೆಗಳನ್ನು ನಿರ್ಮಿಸಿದರು. ‘ಮೇಡ್ ಇನ್ ಇಂಡಿಯಾ’ ಗೀತೆಯನ್ನು ಮೊದಲು ನಾಜಿಯಾ ಅವರಿಂದ ಹಾಡಿಸುವ ಆಲೋಚನೆಯಿತ್ತು. ತಮ್ಮ ತಾಯ್ನಾಡಾದ ಪಾಕಿಸ್ತಾನದ ಜನರ ಮನಸ್ಸಿಗೆ ನೋವಾಗಬಹುದೆಂದು ಅವರು ಒಪ್ಪಲಿಲ್ಲವೆಂದು ವರದಿಯಾಗಿದೆ. ಮ್ಯಾಗ್ನಾಸೌಂಡ್ ಸಂಸ್ಥೆ ಬಿಡುಗಡೆ ಮಾಡಿದ ಈ ಧ್ವನಿಮುದ್ರಿಕೆಯು ಆ ದಶಕದ ಅತ್ಯಂತ ಜನಪ್ರಿಯ ಇಂಡಿಪಾಪ್ ಕೃತಿಗಳಲ್ಲಿ ಒಂದಾಯಿತು. ಕೆನ್ ಘೋಷ್ ನಿರ್ದೇಶಿಸಿದ ಅದರ ದೃಶ್ಯರೂಪದಲ್ಲಿ ಮಿಲಿಂದ್ ಸೋಮನ್ ಕಾಣಿಸಿಕೊಂಡರು.

ಬರವಣಿಗೆಯತ್ತ

ಸಂಗೀತದಲ್ಲಿ ದೀರ್ಘಕಾಲ ದುಡಿದ ಕಲಾವಿದರು ಮತ್ತೊಂದು ಮಾಧ್ಯಮಕ್ಕೆ ಹೊರಳುವುದು ರಾಕ್ ಇತಿಹಾಸದಲ್ಲಿ ಅಪರೂಪವಲ್ಲ. ‘ಕ್ಯಾಪ್ಟನ್ ಬೀಫ್‌ಹಾರ್ಟ್’ ಎಂದು ಹೆಸರಾಗಿದ್ದ ಅಮೆರಿಕದ ಗಾಯಕ ಡಾನ್ ವ್ಯಾನ್ ವ್ಲಿಯೆಟ್ 1980ರ ದಶಕದಲ್ಲಿ ಸಂಗೀತವನ್ನು ತ್ಯಜಿಸಿ ಚಿತ್ರಕಾರರಾದರು. ಜೆಫರ್ಸನ್ ಏರ್‌ಪ್ಲೇನ್ ತಂಡದ ಗಾಯಕಿ ಗ್ರೇಸ್ ಸ್ಲಿಕ್ ಕೂಡ ವೇದಿಕೆಯಿಂದ ನಿವೃತ್ತರಾದ ಮೇಲೆ ಚಿತ್ರಕಲೆಯಲ್ಲಿ ತೊಡಗಿದರು. ಬಿಡ್ಡು ಅವರು ಕುಂಚದ ಬದಲು ಲೇಖನಿಯನ್ನು ಆರಿಸಿಕೊಂಡರು.

ಅವರ ಆತ್ಮಕಥೆ ‘ಮೇಡ್ ಇನ್ ಇಂಡಿಯಾ: ಅಡ್ವೆಂಚರ್ಸ್ ಆಫ್ ಎ ಲೋನ್ ಟ್ರೋಜನ್’ ಇಂಗ್ಲಿಷಿನಲ್ಲಿ 2010ರಲ್ಲಿ ಪ್ರಕಟವಾಯಿತು. ಅದರ ಶೀರ್ಷಿಕೆಯಲ್ಲಿ ಅವರ ವೃತ್ತಿಜೀವನದ ಎರಡು ತುದಿಗಳು ಸೇರಿವೆ. ಮೊದಲ ಭಾಗವು ತಾವು ನಿರ್ಮಿಸಿದ ಪ್ರಸಿದ್ಧ ಧ್ವನಿಮುದ್ರಿಕೆಯದು, ಎರಡನೆಯದು ಒಂಟಿಯಾಗಿ ಹಾಡುತ್ತಿದ್ದ ದಿನಗಳ ವೇದಿಕೆಯ ಹೆಸರು. ಅನಂತರ ‘ಕರ್ಸ್ ಆಫ್ ದ ಗಾಡ್‌ಮನ್’ ಎಂಬ ಕಾದಂಬರಿಯನ್ನೂ ಅವರು ಬರೆದರು. ಗೀತೆಗಳಲ್ಲಿ ಬಹುತೇಕ ಇತರರ ದನಿಯ ಹಿಂದೆ ಉಳಿದಿದ್ದ ಬಿಡ್ಡು ಅವರು ತಮ್ಮ ಕಥೆಯನ್ನು ತಾವೇ ಹೇಳಿದುದು ಈ ಬರವಣಿಗೆಯಲ್ಲಿ.

ಪ್ರಭಾವ

ಬಿಡ್ಡು ಅವರ ಗೀತೆಗಳು ಹೊಸ ರೂಪಗಳಲ್ಲಿ ಮರಳಿ ಬಳಕೆಯಾಗಿವೆ. ‘ಕುಂಗ್ ಫೂ ಫೈಟಿಂಗ್’ ಗೀತೆಯ ಹೊಸ ಆವೃತ್ತಿಯೊಂದು 2008ರ ಅನಿಮೇಷನ್ ಚಿತ್ರ ‘ಕುಂಗ್ ಫೂ ಪಾಂಡಾ’ದಲ್ಲಿ ಕಾಣಿಸಿಕೊಂಡಿತು. ‘ಡಿಸ್ಕೊ ದೀವಾನೆ’ಯ ಮರುರೂಪವನ್ನು 2012ರ ಹಿಂದಿ ಚಿತ್ರ ‘ಸ್ಟೂಡೆಂಟ್ ಆಫ್ ದ ಇಯರ್’ನಲ್ಲಿ ಅಳವಡಿಸಲಾಯಿತು. ಕಾರ್ಲ್ ಡಗ್ಲಸ್, ನಾಜಿಯಾ ಹಸನ್ ಮತ್ತು ಅಲೀಶಾ ಚಿನಾಯ್ ಅವರ ಹೆಸರುಗಳನ್ನು ಬಲ್ಲ ಕೇಳುಗರಲ್ಲಿ ಅನೇಕರಿಗೆ ಈ ಮೂವರ ಅತಿ ಪ್ರಸಿದ್ಧ ಗೀತೆಗಳ ಹಿಂದೆ ಒಬ್ಬನೇ ನಿರ್ಮಾಪಕನಿದ್ದಾನೆಂಬುದು ತಿಳಿದಿರುವುದಿಲ್ಲ. ಬ್ರಿಟನ್ನಿನ ಡಿಸ್ಕೊ ಸಂಗೀತದ ಆರಂಭ ಮತ್ತು ಭಾರತದ ಚಲನಚಿತ್ರೇತರ ಪಾಪ್ ಸಂಗೀತದ ಬೆಳವಣಿಗೆ ಎರಡರಲ್ಲೂ ಪ್ರಮುಖ ಪಾತ್ರ ವಹಿಸಿದ ಕೆಲವೇ ಸಂಗೀತಗಾರರಲ್ಲಿ ಬಿಡ್ಡು ಒಬ್ಬರು.