ಊರಿಗೆ ಹೋಗೋ ಖರ್ಚು: ಟಿಕೆಟ್‌ ಆಚೆ ದುಡ್ಡು ಸೋರೋದು ಎಲ್ಲಿ?

ಇಯರ್‌ಫೋನ್ ಹಾಕ್ಕೊಂಡು ಬಸ್ಸಲ್ಲೋ ರೈಲಲ್ಲೋ ಕೂತು ಇದನ್ನ ಕೇಳ್ತಾ ಇದ್ರೆ, ಇವತ್ತಿನ ಎಪಿಸೋಡ್ ನಿಮಗೇ. ನಮ್ಮ ಶಿವಮೊಗ್ಗ, ಭದ್ರಾವತಿ ಕಡೆಯವರು ಬೆಂಗಳೂರಿಂದ ಊರಿಗೆ ಹೋಗಿ ಬರೋ ಖರ್ಚನ್ನ ಹೇಗೆ ಕಮ್ಮಿ ಮಾಡೋದು ಅನ್ನೋದು ವಿಷಯ.

ನಮ್ಮದು ಹೊಸಮನೆ. ಹೀಗಂದ ತಕ್ಷಣ ನಮ್ಮ ಕಡೆಯವರು ಕೇಳೋ ಪ್ರಶ್ನೆ ಒಂದೇ: ‘ಶಿವಮೊಗ್ಗದ್ದಾ, ಭದ್ರಾವತೀದಾ?’ ನಮ್ಮದು ಭದ್ರಾವತಿ ಹೊಸಮನೆ. ಈ ಪ್ರಶ್ನೆಗೂ ದುಡ್ಡಿಗೂ ಒಂದು ಸಂಬಂಧ ಇದೆ, ಆಮೇಲೆ ಹೇಳ್ತೀನಿ.

ಮೊದಲು ಒಂದು ವಿಷಯ ಒಪ್ಕೊಂಡುಬಿಡ್ತೀನಿ. ಬೆಂಗಳೂರಲ್ಲಿ ನನ್ನ ಮೊದಲ ಕೆಲಸದ ವರ್ಷ. ಗೌರಿ ಹಬ್ಬಕ್ಕೆ ಎರಡು ದಿನ ಇದ್ದಾಗ ಟಿಕೆಟ್ ನೋಡಿದೆ. ರೈಲಲ್ಲಿ ಜಾಗ ಇಲ್ಲ. ಖಾಸಗಿ ಬಸ್ಸಿನ ದರ ಮಾಮೂಲಿಗಿಂತ ಮೂರು ಪಟ್ಟು. ಅಮ್ಮ ಫೋನ್ ಮಾಡಿ ‘ಏನೋ, ಹಬ್ಬಕ್ಕೆ ಬರಲ್ವಾ?’ ಅಂದ್ರು. ‘ರಜೆ ಸಿಗ್ಲಿಲ್ಲಮ್ಮ’ ಅಂದೆ. ರಜೆ ಇತ್ತು. ತಿಂಗಳ ಕೊನೆ, ಅಕೌಂಟಲ್ಲಿ ದುಡ್ಡಿರಲಿಲ್ಲ. ಆವತ್ತಿಂದ ಊರಿಗೆ ಹೋಗಿ ಬರೋ ಪ್ರತಿ ಖರ್ಚನ್ನೂ ಮೊಬೈಲ್ ನೋಟ್ಸಲ್ಲಿ ಬರೆದಿಡೋಕೆ ಶುರು ಮಾಡಿದೆ. ಬಿಕಾಂ ಓದಿದ್ದು ಅಷ್ಟರ ಮಟ್ಟಿಗೆ ಉಪಯೋಗಕ್ಕೆ ಬಂತು. ಆ ಲೆಕ್ಕದಿಂದ ಕಲಿತಿದ್ದನ್ನ ಇವತ್ತು ಹೇಳ್ತೀನಿ.

ನಿಂತ ದರ, ಓಡುವ ದರ

ಪ್ರಯಾಣದ ದರದಲ್ಲಿ ಎರಡು ಜಾತಿ. ಒಂದು ನಿಂತ ದರ, ಇನ್ನೊಂದು ಓಡುವ ದರ.

ನಮ್ಮ ರೂಟಿನ ಮಾಮೂಲಿ ರೈಲಿನ ಸ್ಲೀಪರ್, ಕೆಎಸ್‌ಆರ್‌ಟಿಸಿಯ ವೇಗದೂತ ಬಸ್ಸು, ಇವು ನಿಂತ ದರ. ಮಂಗಳವಾರ ಎಷ್ಟೋ ಹಬ್ಬದ ಹಿಂದಿನ ರಾತ್ರಿಯೂ ಅಷ್ಟೇ. ಖಾಸಗಿ ಸ್ಲೀಪರ್ ಬಸ್ಸು, ಶಿವಮೊಗ್ಗ ಏರ್‌ಪೋರ್ಟಿನಿಂದ 2023ರ ಆಗಸ್ಟ್ 31ಕ್ಕೆ ಶುರುವಾದ ವಿಮಾನ, ಇವು ಓಡುವ ದರ. ಹೂವಿನ ವ್ಯಾಪಾರ ನೆನಪಿಸ್ಕೊಳ್ಳಿ. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಸೇವಂತಿಗೆ ಮಾರು ಕೇಳಿದ್ರೆ ಎದೆ ಧಸಕ್ ಅನ್ನುತ್ತೆ. ಹಬ್ಬ ಮುಗಿದ ಸಂಜೆ ಅದೇ ಹೂವನ್ನ ಕರೆದು ಕೊಡ್ತಾರೆ, ಯಾಕಂದ್ರೆ ನಾಳೆಗೆ ಅದು ಬಾಡುತ್ತೆ. ಬಸ್ಸಿನ ಸೀಟೂ ಹಾಗೇ. ಬಸ್ಸು ಹೊರಟ ಮೇಲೆ ಖಾಲಿ ಸೀಟಿಗೆ ಬೆಲೆ ಸೊನ್ನೆ. ಅದಕ್ಕೇ ಜನ ಇಲ್ಲದ ದಿನ ಅಗ್ಗ, ಶುಕ್ರವಾರ ರಾತ್ರಿ ದುಬಾರಿ. ಹಬ್ಬಕ್ಕೆ ಮುಂಚೆ ‘ಹೆಚ್ಚು ದರ ತಗೊಂಡ್ರೆ ಕೇಸ್’ ಅಂತ ಸಾರಿಗೆ ಇಲಾಖೆ ಎಚ್ಚರಿಕೆ ಕೊಡೋದನ್ನ ನಾವೂ ಕೇಳ್ತೀವಿ, ದರ ಏರೋದನ್ನೂ ನೋಡ್ತೀವಿ.

ಹಾಗಾಗಿ ಮೊದಲ ಪಾಠ ಇದು: ವಾರದ ಮಧ್ಯೆ ಓಡುವ ದರವನ್ನೂ ನೋಡಿ, ಕೆಲವೊಮ್ಮೆ ಲಾಭ ಇರುತ್ತೆ. ಜನ ಮುಗಿಬೀಳೋ ದಿನ ನಿಂತ ದರವನ್ನೇ ಹಿಡೀಬೇಕು. ಹಿಡಿಯೋಕೆ ದುಡ್ಡಿಗಿಂತ ಮುಖ್ಯವಾಗಿ ಬೇಕಾದ್ದು ಕ್ಯಾಲೆಂಡರ್.

ಮರೆವಿನ ಬೆಲೆ

2024ರ ನವೆಂಬರ್ 1ರಿಂದ ರೈಲಿನ ಮುಂಗಡ ಬುಕಿಂಗ್ 120 ದಿನದಿಂದ 60 ದಿನಕ್ಕೆ ಇಳಿದಿದೆ. ಪ್ರಯಾಣದ ದಿನ ಬಿಟ್ಟು 60 ದಿನ ಹಿಂದಕ್ಕೆ ಎಣಿಸಿ, ಆ ದಿನ ಬೆಳಗ್ಗೆ 8ಕ್ಕೆ ಬುಕಿಂಗ್ ತೆರೆಯುತ್ತೆ. ಉದಾಹರಣೆಗೆ 2026ರ ಗಣೇಶ ಚತುರ್ಥಿ ಸೆಪ್ಟೆಂಬರ್ 14, ಸೋಮವಾರ. ಎಲ್ಲರೂ ಹೊರಡೋದು 11ರ ಶುಕ್ರವಾರ ರಾತ್ರಿ. ಅದರ ಬುಕಿಂಗ್ ತೆರೆಯೋದು ಜುಲೈ 13ಕ್ಕೆ. ವರ್ಷದಲ್ಲಿ ಇಂಥ ದಿನ ಎಷ್ಟಿವೆ? ಯುಗಾದಿ, ಗಣೇಶ, ದಸರಾ, ದೀಪಾವಳಿ, ಜೊತೆಗೆ ನಿಮ್ಮೂರ ಜಾತ್ರೆ. ಐದು ಅಲಾರಂ ಇಟ್ರೆ ಸಾಕು. ವಾಪಸ್ ಬರೋ ಟಿಕೆಟ್ಟಿಗೆ ಬೇರೆ ಅಲಾರಂ ಇಡೋದು ಮರೀಬೇಡಿ. ಬಹಳ ಜನ ಎಡವೋದು ಅಲ್ಲೇ.

ಮರೆತ್ರೆ ಏನಾಗುತ್ತೆ? ಹಿಂದಿನ ದಿನದ ತತ್ಕಾಲ್. ಎಸಿ ಬೆಳಗ್ಗೆ 10ಕ್ಕೆ, ಸ್ಲೀಪರ್ ಮತ್ತು ಸೆಕೆಂಡ್ ಸಿಟಿಂಗ್ 11ಕ್ಕೆ. 2025ರ ಜುಲೈಯಿಂದ ಆಧಾರ್ ದೃಢೀಕರಣ ಆಗಿರೋ ಅಕೌಂಟ್ ಇಲ್ಲದೆ ಆನ್‌ಲೈನಲ್ಲಿ ತತ್ಕಾಲ್ ಸಿಗಲ್ಲ. ಸ್ಲೀಪರಿಗೆ ತತ್ಕಾಲ್ ಶುಲ್ಕ ಮೂಲ ದರದ ಶೇ. 30, ಆದ್ರೆ ಕನಿಷ್ಠ 100 ರೂಪಾಯಿ. ನಮ್ಮ ದೂರಕ್ಕೆ ಶೇ. 30 ಅಂದ್ರೆ 100ನ್ನೂ ಮುಟ್ಟಲ್ಲ, ಹಾಗಾಗಿ ಕಟ್ಟೋದು ಆ ಕನಿಷ್ಠ 100. ಕನ್ಫರ್ಮ್ ಆದ ತತ್ಕಾಲ್ ಟಿಕೆಟ್ ಕ್ಯಾನ್ಸಲ್ ಮಾಡಿದ್ರೆ ಪೈಸೆಯೂ ವಾಪಸ್ ಬರಲ್ಲ. ಮರೆವಿಗೆ ಒಂದು ಕಡೆಗೆ 100 ರೂಪಾಯಿ ಅಂತ ಇಟ್ಕೊಳ್ಳಿ. ಹಗಲು ಕೂತು ಹೋಗೋಕೆ ತಯಾರಿದ್ರೆ ಸೆಕೆಂಡ್ ಸಿಟಿಂಗಿನ ತತ್ಕಾಲ್ ಶುಲ್ಕ 10ರಿಂದ 15 ರೂಪಾಯಿ ಮಾತ್ರ. ಇದನ್ನ ಬಹಳ ಜನ ನೋಡೋದೇ ಇಲ್ಲ.

ಚಿಲ್ಲರೆ ಅಂತ ಬಿಟ್ಟಿದ್ದು

2025ರ ಜುಲೈ 1ಕ್ಕೆ ರೈಲು ದರ ಏರಿದಾಗ ವಾಟ್ಸಾಪ್ ಗ್ರೂಪುಗಳಲ್ಲಿ ಗಲಾಟೆಯೋ ಗಲಾಟೆ. ಏರಿದ್ದೆಷ್ಟು? ನಾನ್-ಎಸಿ ಎಕ್ಸ್‌ಪ್ರೆಸ್‌ಗೆ ಕಿಲೋಮೀಟರಿಗೆ 1 ಪೈಸೆ. ಶಿವಮೊಗ್ಗದಿಂದ ಬೆಂಗಳೂರಿಗೆ ರೈಲು ದಾರಿ ಸುಮಾರು 275 ಕಿಲೋಮೀಟರ್, ಅಂದ್ರೆ ಎರಡೂ ಮುಕ್ಕಾಲು ರೂಪಾಯಿ. ಅದೇ ಜನ ಐಆರ್‌ಸಿಟಿಸಿಯಲ್ಲಿ ಕಾರ್ಡಿಂದ ದುಡ್ಡು ಕಟ್ಟಿ ಪ್ರತಿ ನಾನ್-ಎಸಿ ಟಿಕೆಟ್ಟಿಗೆ 15 ರೂಪಾಯಿ ಕನ್ವೀನಿಯನ್ಸ್ ಫೀ, ಅದರ ಮೇಲೆ ಜಿಎಸ್‌ಟಿ, ಒಟ್ಟು 17 ರೂಪಾಯಿ 70 ಪೈಸೆ ಕೊಡ್ತಾರೆ. ಯುಪಿಐನಲ್ಲಿ ಕಟ್ಟಿದ್ರೆ 10 ರೂಪಾಯಿ, ಜಿಎಸ್‌ಟಿ ಸೇರಿ 11.80. ಎಸಿಗೆ 30 ಮತ್ತು 20. ಈ ಫೀ ತಲೆಗಲ್ಲ, ಟಿಕೆಟ್ಟಿಗೆ. ನಾಲ್ಕು ಜನ ಒಟ್ಟಿಗೆ ಹೊರಟ್ರೆ ಒಂದೇ ಟಿಕೆಟ್ ಮಾಡಿಸಿ. ಸ್ಟೇಷನ್ ಹತ್ತಿರ ಇದ್ರೆ ಕೌಂಟರಲ್ಲಿ ತಗೊಳ್ಳಿ, ಅಲ್ಲಿ ಈ ಫೀ ಇಲ್ಲವೇ ಇಲ್ಲ.

ಇನ್ನೊಂದು ಗುಟ್ಟು ರೈಲಿನ ನಂಬರಲ್ಲಿದೆ. 12, 20, 22ರಿಂದ ಶುರುವಾದ್ರೆ ಅದು ಸೂಪರ್‌ಫಾಸ್ಟ್, ಸ್ಲೀಪರಿಗೆ 30 ರೂಪಾಯಿ ಹೆಚ್ಚುವರಿ. 16ರಿಂದ ಶುರುವಾದ್ರೆ ಆ ಶುಲ್ಕ ಇಲ್ಲ. ನಮ್ಮ ರಾತ್ರಿ ರೈಲು ಮೈಸೂರು–ತಾಳಗುಪ್ಪ ಎಕ್ಸ್‌ಪ್ರೆಸ್ 16227. ಗೊತ್ತಾಯ್ತಲ್ಲ?

ಬಸ್ಸಲ್ಲೂ ಇಂಥ ಸಣ್ಣ ಲಾಭ ಇದೆ. ಕೆಎಸ್‌ಆರ್‌ಟಿಸಿಯಲ್ಲಿ ಹೋಗೋ ಬರೋ ಟಿಕೆಟ್ ಒಟ್ಟಿಗೆ ಬುಕ್ ಮಾಡಿದ್ರೆ ವಾಪಸ್ ಟಿಕೆಟ್ಟಿಗೆ ಶೇ. 10 ರಿಯಾಯಿತಿ. ನಾಲ್ಕು ಅಥವಾ ಹೆಚ್ಚು ಜನ ಒಂದೇ ಟಿಕೆಟ್ಟಲ್ಲಿದ್ರೆ ಶೇ. 5. 2025ರ ಜನವರಿ 5ರಿಂದ ದರ ಶೇ. 15 ಏರಿದೆ, ಹಾಗಾಗಿ ಈ ರಿಯಾಯಿತಿ ಬಿಡೋ ಹಾಗಿಲ್ಲ.

ಬುಕಿಂಗ್ ಆ್ಯಪ್‌ಗಳಲ್ಲಿ ಕೊನೇ ಪುಟವನ್ನ ನಿಧಾನಕ್ಕೆ ಓದಿ. ನಾವು ಕೇಳದ ವಿಮೆ, ‘ಫ್ರೀ ಕ್ಯಾನ್ಸಲೇಷನ್’ ಹೆಸರಿನ ಫೀ, ದೇಣಿಗೆ, ಎಲ್ಲಕ್ಕೂ ಮೊದಲೇ ಟಿಕ್ ಬಿದ್ದಿರುತ್ತೆ. ಇದನ್ನ ಡಾರ್ಕ್ ಪ್ಯಾಟರ್ನ್ ಅಂತಾರೆ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಇಂಥ 13 ಬಗೆಯನ್ನ ಪಟ್ಟಿ ಮಾಡಿ ನಿಷೇಧಿಸಿದೆ. ದೂರು ಕೊಡೋಕೆ 1915ಕ್ಕೆ ಕರೆ ಮಾಡಬಹುದು. ಆದ್ರೆ ಐಆರ್‌ಸಿಟಿಸಿಯ 45 ಪೈಸೆ ವಿಮೆಗೆ ಮಾತ್ರ ಕಂಜೂಸ್ ಮಾಡಬೇಡಿ, ಅದು 10 ಲಕ್ಷದವರೆಗಿನ ರಕ್ಷಣೆ.

ಮನೆ ಬಾಗಿಲಿಂದ ಮನೆ ಬಾಗಿಲಿಗೆ

ಈಗ ನನ್ನ ನೋಟ್ಸ್‌ಗೆ ಬರೋಣ. ಮೊದಲ ಆರು ತಿಂಗಳು ಕೂಡಿ ನೋಡಿದಾಗ ನನಗೇ ಆಶ್ಚರ್ಯ. ಟಿಕೆಟ್ಟಿಗಿಂತ ಆಟೋ, ತಿಂಡಿ, ನೀರು, ಟೀ ಖರ್ಚೇ ಜಾಸ್ತಿ! ಐವತ್ತು ರೂಪಾಯಿ ಉಳಿಸೋಕೆ ಅರ್ಧ ಗಂಟೆ ಟಿಕೆಟ್ ಹುಡುಕಿ, ಬೆಳಗಿನ ಜಾವ ನಾಲ್ಕಕ್ಕೆ ಮೆಜೆಸ್ಟಿಕ್ಕಲ್ಲಿ ಇಳಿದು ಆಟೋಗೆ ಮುನ್ನೂರು ಕೊಟ್ಟಿದ್ದೆ.

ಇದಕ್ಕೆ ಈಗ ಒಳ್ಳೆ ದಾರಿ ಇದೆ. ನಮ್ಮ ಕಡೆ ಬಸ್ಸುಗಳು ಬರೋದು ತುಮಕೂರು ರಸ್ತೆಯಲ್ಲಿ. 2024ರ ನವೆಂಬರಿಂದ ಹಸಿರು ಮಾರ್ಗದ ಮೆಟ್ರೋ ಅದೇ ರಸ್ತೆಯ ಮಾದಾವರದ ತನಕ ಬಂದಿದೆ. ಮೊದಲ ರೈಲು ಮಾಮೂಲಿ ದಿನ ಬೆಳಗ್ಗೆ 5ಕ್ಕೆ, ಭಾನುವಾರ 7ಕ್ಕೆ. ಊರಿಂದ ಬರೋರಿಗೆ ಅನುಕೂಲ ಆಗ್ಲಿ ಅಂತಲೇ 2025ರ ಜನವರಿ 13ರಿಂದ ಸೋಮವಾರ 4.15ಕ್ಕೇ ಶುರು ಮಾಡಿದ್ರು. ಆ ವರ್ಷದ ಫೆಬ್ರವರಿ ಪರಿಷ್ಕರಣೆಯಲ್ಲಿ ಮೆಟ್ರೋ ದರ ಏರಿತು, ನಿಜ. ಆದ್ರೂ ಗರಿಷ್ಠ ದರ 90 ರೂಪಾಯಿ, ಸ್ಮಾರ್ಟ್ ಕಾರ್ಡಿಗೆ ಶೇ. 5 ಕಡಿತ. ರೈಲಲ್ಲಿ ಬರೋರು ಯಶವಂತಪುರದಲ್ಲಿ ಇಳಿದ್ರೆ ಅಲ್ಲೂ ಮೆಟ್ರೋ ಇದೆ.

ಈಗ ಹೊಸಮನೆ ಪ್ರಶ್ನೆಗೆ. ಭದ್ರಾವತಿಯವರಲ್ಲಿ ಎಷ್ಟೋ ಜನ ಅಭ್ಯಾಸಬಲದಿಂದ ‘ಶಿವಮೊಗ್ಗ’ ಅಂತಲೇ ಬುಕ್ ಮಾಡ್ತಾರೆ. ಶಿವಮೊಗ್ಗಕ್ಕೆ ಹೋಗಿ, ಅಲ್ಲಿಂದ ಸುಮಾರು 20 ಕಿಲೋಮೀಟರ್ ವಾಪಸ್ ಬರೋಕೆ ಮತ್ತೆ ಬಸ್ಸು, ಆಟೋ. ರಾತ್ರಿ ರೈಲು ಭದ್ರಾವತಿಯಲ್ಲೂ ನಿಲ್ಲುತ್ತೆ, ಬಸ್ಸುಗಳು ಬಿ.ಎಚ್. ರಸ್ತೆಯಲ್ಲೇ ಬರ್ತವೆ. ಮನೆಗೆ ಹತ್ತಿರದ ಸ್ಟಾಪ್ ಹಾಕಿ. ಅಲಾರಂ ಇಟ್ಟು ಮಲಗಿ. ನಿದ್ದೆಗಣ್ಣಲ್ಲಿ ಶಿವಮೊಗ್ಗಕ್ಕೆ ಹೋಗಿ ಇಳಿದ ಅನುಭವ ನನಗಿದೆ.

ಹೆಣ್ಣುಮಕ್ಕಳ ಲೆಕ್ಕ ಬೇರೆ. 2023ರ ಜೂನ್ 11ಕ್ಕೆ ಶುರುವಾದ ಶಕ್ತಿ ಯೋಜನೆಯಲ್ಲಿ ರಾಜ್ಯದೊಳಗೆ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ಟಿಕೆಟ್ ಉಚಿತ. ಕರ್ನಾಟಕದ ವಿಳಾಸ ಇರೋ ಗುರುತಿನ ಚೀಟಿ ಬೇಕು. ರಾಜಹಂಸ, ಸ್ಲೀಪರ್, ಎಸಿ ಬಸ್ಸುಗಳಿಗೆ ಅನ್ವಯಿಸಲ್ಲ. ನಮ್ಮ ಜಿಲ್ಲೆಯಲ್ಲಿ ಖಾಸಗಿ ಬಸ್ಸುಗಳೇ ಜಾಸ್ತಿ, ಅವುಗಳಲ್ಲೂ ಇಲ್ಲ. ನನ್ನ ಅಕ್ಕ ಹಗಲು ವೇಗದೂತದಲ್ಲೇ ಬರ್ತಾಳೆ. ‘ನಿನ್ನ ಪಾಡ್‌ಕಾಸ್ಟಿಗಿಂತ ನನ್ನ ಆಧಾರ್ ಕಾರ್ಡೇ ಜಾಸ್ತಿ ದುಡ್ಡು ಉಳಿಸ್ತು’ ಅಂತ ರೇಗಿಸ್ತಾಳೆ. ಆದ್ರೆ ಹಬ್ಬದ ಹಿಂದಿನ ದಿನ ಸೀಟು ಸಿಗೋದು ಕಷ್ಟ ಅಂತ ಅವಳೂ ಹಗಲು ರೈಲಿಗೆ ಬುಕ್ ಮಾಡಿಸ್ತಾಳೆ.

ಊಟದ ಬಗ್ಗೆ ಜಾಸ್ತಿ ಹೇಳಲ್ಲ. ಅಮ್ಮ ಕಟ್ಟಿಕೊಡೋ ಅಕ್ಕಿರೊಟ್ಟಿ ಬೇಡ ಅಂದು, ಹೈವೇ ಹೋಟೆಲಲ್ಲಿ ತಣ್ಣಗಿನ ಇಡ್ಲಿಗೆ ದುಡ್ಡು ಸುರಿಯೋದಕ್ಕಿಂತ ದಡ್ಡತನ ಇಲ್ಲ. ಬಾಟಲಿ ಮನೆಯಿಂದಲೇ ತುಂಬಿಸ್ಕೊಳ್ಳಿ. ರೈಲಲ್ಲಿ ಕೊಳ್ಳಲೇಬೇಕಾದ್ರೆ, ಒಂದು ಲೀಟರ್ ರೈಲ್ ನೀರ್ ಬೆಲೆ 2025ರ ಸೆಪ್ಟೆಂಬರ್ 22ರಿಂದ 14 ರೂಪಾಯಿ. 20 ಕೇಳಿದ್ರೆ ಕೊಡಬೇಡಿ.

ಉಳಿದ ದುಡ್ಡು ಎಲ್ಲಿಗೆ?

ಇಷ್ಟೆಲ್ಲ ಮಾಡಿ ನಾನು ಒಂದು ಸಲ ಹೋಗಿ ಬರೋದರಲ್ಲಿ ಉಳಿಸ್ತಿದ್ದದ್ದು ಸರಾಸರಿ 200 ರೂಪಾಯಿ. ತಿಂಗಳಿಗೊಂದು ಸಲ ಅಂದ್ರೆ ವರ್ಷಕ್ಕೆ 2,400. ದೊಡ್ಡ ಮೊತ್ತ ಅಲ್ಲ. ಅದರಿಂದ ಯಾರೂ ಶ್ರೀಮಂತರಾಗಲ್ಲ. ಆದ್ರೆ ಸ್ಲೀಪರಲ್ಲಿ ಇನ್ನೂ ಎರಡು ಮೂರು ಸಲ ಊರಿಗೆ ಹೋಗಿ ಬರೋಕೆ ಅದು ಸಾಕು.

ಒಂದು ಎಚ್ಚರಿಕೆನೂ ಹೇಳಬೇಕು. ಎಲ್ಲ ಕಡೆ ಉಳಿಸೋದು ಉಳಿತಾಯ ಅಲ್ಲ. ರಾತ್ರಿ ಒಬ್ಬರೇ ಇಳೀಬೇಕು, ರಸ್ತೆ ನಿರ್ಜನ ಅನ್ಸುತ್ತೆ ಅಂದ್ರೆ ಆಟೋ ಹತ್ತಿ. ಜ್ವರ ಇದೆ ಅಂದ್ರೆ ಎಸಿ ಟಿಕೆಟ್ ತಗೊಳ್ಳಿ. ಮನೇಲಿ ಯಾರಿಗೋ ಹುಷಾರಿಲ್ಲ ಅಂತ ಫೋನ್ ಬಂದಾಗ ಓಡುವ ದರ ಎಷ್ಟೇ ಇರಲಿ, ಹೊರಟುಬಿಡಬೇಕು. ಗೊತ್ತಿರೋ ದಿನಗಳಲ್ಲಿ ಉಳಿಸೋದು ಗೊತ್ತಿಲ್ಲದ ಆ ಒಂದು ದಿನಕ್ಕೇನೇ.

ಮುಂದಿನ ಗೌರಿ ಹಬ್ಬಕ್ಕೆ ಟಿಕೆಟ್ ಎರಡು ತಿಂಗಳ ಮುಂಚೆಯೇ ಆಗಿತ್ತು. ಅಮ್ಮ ಫೋನ್ ಮಾಡೋಕೆ ಮುಂಚೆ ನಾನೇ ಮಾಡಿ ‘ಬರ್ತಿದೀನಿ’ ಅಂದೆ. ‘ರಜೆ ಸಿಕ್ತಾ?’ ಅಂತ ಕೇಳಿದ್ರು. ‘ಸಿಕ್ತಮ್ಮ’ ಅಂದೆ.

ಈ ಎಪಿಸೋಡ್ ಮುಗಿದ ತಕ್ಷಣ ಮೊಬೈಲಲ್ಲಿ ಕ್ಯಾಲೆಂಡರ್ ತೆಗೀರಿ, ಐದು ಅಲಾರಂ ಇಡಿ. ಮುಂದಿನ ವಾರ ಸಿಗೋಣ. ನಮಸ್ಕಾರ.